ಎಣ್ಣೆಗಿಂತ ಮೊದಲು ಎಣಿಕೆ

(ದೇವದುರ್ಗದಿಂದ ಗಬ್ಬೂರಿನ ಕಡೆ ಹೋಗುವ ದಾರಿಯ ಪಕ್ಕದಲ್ಲಿ ಒಂದು ಎರೆ ಹೊಲ. ಪುಷ್ಯ ಮಳೆ ಎರಡು ದಿನ ಹನಿದು ಬಿಟ್ಟಿದೆ. ಬಿತ್ತಿ ಇಪ್ಪತ್ತೈದು ದಿನವಾದ ಮೆಕ್ಕೆಜೋಳ ಮೊಣಕಾಲ ಮಟ್ಟಕ್ಕೆ ಬಂದಿದೆ. ಬೆಳಗಿನ ಏಳು ಗಂಟೆ. ಬದುವಿನ ಬೇವಿನ ಮರದ ಕೆಳಗೆ ಹದಿನೈದು ಲೀಟರಿನ ಪಂಪು, ಎರಡು ಕೊಡ ನೀರು, ಒಂದು ಪ್ಲಾಸ್ಟಿಕ್ ಚೀಲ. ಹೊಲದ ಯಜಮಾನ ಪಂಪಿಗೆ ಕೈ ಹಾಕಿದ್ದಾನೆ. ಅವನ ಅಕ್ಕನ ಮಗಳು ಮಾನ್ವಿ ಕಡೆಯವಳು. ರಾಯಚೂರಿನ ಕೃಷಿ ವಿಶ್ವವಿದ್ಯಾಲಯದಲ್ಲಿ ಕೀಟಶಾಸ್ತ್ರ ಓದುತ್ತಿದ್ದಾಳೆ. ರಾಯಚೂರು, ಮಾನ್ವಿ, ದೇವದುರ್ಗದ ಹೊಲ ಸುತ್ತಿ ಹುಳ ಎಣಿಸುವುದು ಈ ಮಳೆಗಾಲದ ಅವಳ ಕೆಲಸ. ನಿನ್ನೆ ಸಂಜೆಯ ಬಸ್ಸಿಗೆ ಮಾವನ ಊರಿಗೆ ಬಂದಿಳಿದಿದ್ದಾಳೆ.)

ಸೊಸೆ: ಮಾವಾ, ಆ ಪಂಪು ಒಂದೀಟು ಕೆಳಗಿಡು. ಚೀಲದಾಗ ಏನೇನು ತಂದೀ, ತೋರಸು.

ಮಾವ: ತೋರಸಾಕೇನೈತಿ ಅದರಾಗ? ಹುಳ ಬಿದ್ದೈತಿ, ಎಣ್ಣಿ ತಂದೀನಿ. ಗೊಬ್ಬರದಂಗಡಿಯಾಂವ ಮೂರು ಕೊಟ್ಟಾನ. ಒಂದು ಹುಳಕ್ಕ, ಒಂದು ತತ್ತಿಗೆ, ಇನ್ನೊಂದು ಬೆಳಿ ಎದ್ದು ನಿಲ್ಲಾಕ. ಮೂರೂ ಕೂಡಿಸಿ ಹೊಡಿ ಅಂದಾನ.

ಸೊಸೆ: ಎಷ್ಟು ಗಿಡಕ್ಕ ಬಿದ್ದೈತಿ ಹುಳ?

ಮಾವ: ಎಷ್ಟು ಅಂದ್ರ? ಹೊಲಕ್ಕ ಬಿದ್ದೈತಿ.

ಸೊಸೆ: ಹೊಲಕ್ಕ ಬೀಳಂಗಿಲ್ಲ ಮಾವಾ, ಗಿಡಕ್ಕ ಬೀಳ್ತೈತಿ. ನೂರಕ್ಕ ಎಷ್ಟು ಅಂತ ಕೇಳಾಕತ್ತೀನಿ.

ಮಾವ: ಅದನ್ನ ಯಾರು ಎಣಸ್ಯಾರವ್ವ? ಮೊನ್ನಿ ಸಂಜೀಕ ಬದುವಿನ ಮ್ಯಾಗ ನಿಂತು ನೋಡಿದೆ. ದಂಡಿ ಸಾಲಿನಾಗ ಎಲಿ ಜರಡಿ ಆಗಿದ್ದವು. ಎದಿ ಧಸಕ್ಕಂತು. ಬೆಳಕ ಹರದದ್ದ ತಡ, ಅಂಗಡಿಗಿ ಹೋದೆ.

ಸೊಸೆ: ದಂಡಿ ಸಾಲು ನೋಡಿ ಹೊಲದ ಲೆಕ್ಕ ಹಾಕಬಾರದು. ನಾವು ಎಣಸೂ ಮುಂದ ದಂಡೀಲಿಂದ ನಾಕೈದು ಸಾಲು ಬಿಟ್ಟು ಒಳಗ ಹೋಗ್ತೀವಿ. ಬಾ ನನ್ನ ಜೋಡಿ. ಐದು ಕಡೆ ನಿಲ್ಲೂಣು, ಒಂದೊಂದು ಕಡೆ ಹತ್ತು ಗಿಡ. ಬೇರೆ ಬೇರೆ ಮೂಲಿಗೆ ಸೊಟ್ಟಂಪಟ್ಟ ತಿರುಗಬೇಕು, ಒಂದೇ ಸಾಲು ಹಿಡದು ಹೋಗಬಾರದು. ಐವತ್ತು ಗಿಡಕ್ಕ ಇಪ್ಪತ್ತು ನಿಮಿಷ ಸಾಕು.

ಮಾವ: ನೀ ಎಣಸಿಕೋತ ಕುಂತ್ರ ಹುಳ ಕೈ ಕಟ್ಟಿಕೊಂಡು ಕುಂಡ್ರತೈತೇನು? ನಡಿ, ಬಂದೀ ಅಂದಮ್ಯಾಲೆ ನಿನ್ನ ಮಾತೂ ನಡೀಲಿ.

(ಇಬ್ಬರೂ ಸಾಲಿನೊಳಗೆ ಇಳಿಯುತ್ತಾರೆ. ಅವಳು ಒಂದು ಗಿಡದ ಮುಂದೆ ಕುಕ್ಕರುಗಾಲಿನಲ್ಲಿ ಕುಳಿತು ಎಲೆಯನ್ನು ಬೆಳಕಿಗೆ ಹಿಡಿಯುತ್ತಾಳೆ.)

ಸೊಸೆ: ಇಲ್ಲಿ ನೋಡು. ಎಲಿ ತೂತು ಬಿದ್ದಿಲ್ಲ, ಹಸರು ಅಷ್ಟೇ ಕೆರದು ತಿಂದೈತಿ. ತೆಳ್ಳನ ಹಾಳಿ ಉಳದೈತಿ, ಕಿಟಕಿಗೆ ಹಚ್ಚಿದ ಎಣ್ಣಿ ಕಾಗದ ಇದ್ದಂಗ. ಇದು ಈಗಷ್ಟೇ ತತ್ತಿ ಒಡದು ಬಂದ ಹುಳದ ಕೆಲಸ. ಇದಕ್ಕ ಇನ್ನೂ ಸುಳಿ ಹೊಗಾಕ ಬಂದಿಲ್ಲ. ಆ ಗಿಡ ನೋಡು, ಎಲಿ ಅಡ್ಡಕ್ಕ ಸಾಲಾಗಿ ತೂತು, ಸುಳ್ಯಾಗ ಕಟಗಿ ಹೊಟ್ಟಿನಂಥ ಹಿಕ್ಕಿ. ಅಲ್ಲಿ ಹುಳ ದೊಡ್ಡದಾಗಿ ಒಳಗ ಇಳದೈತಿ. ಸುಳಿ ಬಿಚ್ಚಲಾ?

ಮಾವ: ಬಿಚ್ಚು. … ಹಾಂ, ಇದೇ ನೋಡು ಲದ್ದಿ ಹುಳ.

ಸೊಸೆ: ಇದು ನಮ್ಮ ಹಳೇ ಲದ್ದಿ ಹುಳ ಅಲ್ಲ. ತಲೀ ಮ್ಯಾಗ ನೋಡು, ಬಿಳೇ ಗೆರಿ, ಕವಣಿ ಕಟಗಿ ತಲೆಕೆಳಗ ಮಾಡಿ ಇಟ್ಟಂಗ. ಬಾಲದ ಕಡೆ ನಾಕು ಕರೇ ಚುಕ್ಕಿ, ಪಗಡಿ ಹಾಸಿನ ಮನಿಯಂಗ ಚೌಕಾಗಿ. ಈ ಎರಡು ಗುರುತು ಇದ್ರ ಇದು ಹೊರಗಿನಿಂದ ಬಂದ ಸೈನಿಕ ಹುಳ, ಫಾಲ್ ಆರ್ಮಿವರ್ಮ್.

ಮಾವ: ನೆನಪೈತಿ ಬಿಡವ್ವ. ಅದು ಬಂದ ವರ್ಷ ಬಾಜೂ ಹೊಲದಾಂವ ಬೆಳಿ ಹರಗಿ ಮತ್ತ ಬಿತ್ತಿದ್ದ. ಈ ಪೀಡಾ ಎಲ್ಲಿಂದ ಬಂತಂತ ಒಬ್ಬೊಬ್ಬರು ಒಂದೊಂದು ಹೇಳತಿದ್ರು. ಕೆಲವ್ರು ಬೀಜದ ಜೋಡಿ ಬಂತಂದ್ರು, ಕೆಲವ್ರು ಯೂರಿಯಾದಾಗ ಬಂತಂದ್ರು.

ಸೊಸೆ: ಬೀಜದಾಗೂ ಬಂದಿಲ್ಲ, ಗೊಬ್ಬರದಾಗೂ ಬಂದಿಲ್ಲ. ಇದರ ತವರುಮನಿ ಅಮೆರಿಕ ಖಂಡ. 2016ರಾಗ ಆಫ್ರಿಕಾದಾಗ ಕಾಣಿಸ್ತು. 2018ರ ಮೇ ತಿಂಗಳದಾಗ ನಮ್ಮ ಶಿವಮೊಗ್ಗದ ಮೆಕ್ಕೆಜೋಳದಾಗ ಸಿಕ್ತು. ಅಲ್ಲಿನ ಕೃಷಿ ಕಾಲೇಜಿನ ಶರಣಬಸಪ್ಪ, ಕಲ್ಲೇಶ್ವರಸ್ವಾಮಿ ಅವರ ತಂಡ ಇದನ್ನ ಗುರುತು ಹಿಡೀತು. ಏಷ್ಯಾದಾಗೇ ಅದು ಮೊದಲು. ಮುಂದ ಒಂದು ವರ್ಷ ತುಂಬೂದ್ರಾಗ ದೇಶದ ಮೆಕ್ಕೆಜೋಳ ಬೆಳಿಯೂ ಸೀಮಿ ಎಲ್ಲಾ ಸುತ್ತಿ, ಆಕಡೆ ಚೀನಾಕ್ಕೂ ಮುಟ್ಟಿತ್ತು. ಇದರ ಪತಂಗ ಗಾಳಿ ಸಿಕ್ರ ಒಂದು ರಾತ್ರಿಗೆ ನೂರು ಕಿಲೋಮೀಟರ್ ಹಾರತೈತಿ. ಸಂಜೀಕ ಮಾನ್ವ್ಯಾಗ ಎದ್ದದ್ದು ಬೆಳಗಾಗೂದ್ರಾಗ ದೇವದುರ್ಗ ದಾಟಿರತೈತಿ. ಅದಕ್ಕ ತಾಲೂಕು, ಜಿಲ್ಲಾ ಯಾವುದೂ ಗೊತ್ತಿಲ್ಲ.

ಮಾವ: ಹಂಗಾದ್ರ ನಾ ಒಬ್ಬ ಎಣ್ಣಿ ಹೊಡದು ಏನು ಉಪಯೋಗ?

ಸೊಸೆ: ಆ ಮಾತಿಗೇ ಬರೂದೈತಿ ನಾವು. ಮೊದಲು ನಿನ್ನ ಹೋದ ವರ್ಷದ ಕಥಿ ಹೇಳು. ಎಷ್ಟು ಸರ್ತಿ ಹೊಡದಿ?

ಮಾವ: ಐದು. ಮೊದಲ್ನೇದು ಹೊಡದೆ, ಮರುದಿನ ನೋಡಿದ್ರ ಹುಳ ಹಂಗೇ ಇತ್ತು, ಸುಳ್ಯಾಗ ಜೀವಂತ. ನೀರು ಕೊಟ್ಟಾನ ಮಗ ಅಂತ ಅಂಗಡಿಯಾಂವನ ಜೋಡಿ ಜಗಳಾಡಿ, ಬ್ಯಾರೆ ತಂದು ಮೂರನೇ ದಿನ ಮತ್ತ ಹೊಡದೆ. ಆವಾಗ ಸತ್ವು.

ಸೊಸೆ: ಸತ್ತದ್ದು ಮೊದಲ್ನೇದಕ್ಕೇ ಇರಬೇಕು. ಎರಡನೇದರ ರೊಕ್ಕ ಸುಮ್ನ ಹೋತು.

ಮಾವ: ಅದು ಹ್ಯಾಂಗ?

ಸೊಸೆ: ಹಳೇ ಎಣ್ಣಿ ವಾಸನಿಗೇ ಹುಳ ಪಟಪಟ ಉದುರತಿದ್ದವು, ನೀ ಅದಕ್ಕ ಹೊಂದಿಕೊಂಡೀ. ಈಗಿನವು ಹಂಗಲ್ಲ. ಎಮಾಮೆಕ್ಟಿನ್ ತಿಂದ ಹುಳದ ನರ ಸಡಲಾಗತಾವ, ಕೆಲವು ತಾಸಿನಾಗ ತಿನ್ನೂದು ನಿಲ್ಲಸ್ತೈತಿ. ಪ್ರಾಣ ಹೋಗಾಕ ಎರಡರಿಂದ ನಾಕು ದಿನ ಬೇಕು. ಕ್ಲೋರಾಂಟ್ರಾನಿಲಿಪ್ರೋಲ್ ಅಂತ ಒಂದೈತಿ, ಅದು ಹುಳದ ಸ್ನಾಯುವಿನಾಗ ಕೂಡಿಟ್ಟ ಸುಣ್ಣದಂಶ ಪೂರ್ತಿ ಸೋರಸಿಬಿಡ್ತೈತಿ. ಮೈ ಬಿಗದು ದವಡಿ ಅಲುಗಾಡಂಗಿಲ್ಲ. ಹುಳ ಜೀವಂತ ಇರತೈತಿ, ಆದ್ರ ಬಾಯಿಗೆ ಬೀಗ. ಸ್ಪೈನೆಟೋರಂ ಇವೆರಡಕ್ಕಿಂತ ಲಗೂನ, ನರ ಕೆರಳಸಿ ನಡುಗಿಸಿ ಕೆಡವತೈತಿ. ಹೊಡದ ಮರುದಿನ ಹುಳ ಸತ್ತದ್ದನ್ನ ಹುಡುಕಬ್ಯಾಡ, ಹಿಕ್ಕಿ ನೋಡು. ಸುಳ್ಯಾಗಿನ ಹಿಕ್ಕಿ ಒಣಗಿ ಪುಡಿ ಆಗಿದ್ರ ಹುಳ ಊಟ ಬಿಟ್ಟೈತಿ ಅಂತ ಅರ್ಥ. ಹಸಿ ಹಿಕ್ಕಿ ಇದ್ರ ಆವಾಗ ಚಿಂತಿ ಮಾಡು.

ಮಾವ: ಇದನ್ನ ಆ ಅಂಗಡಿಯಾಂವ ಒಂದು ಮಾತು ಹೇಳಿದ್ರ ನನ್ನ ಸಾವಿರಾರು ರೂಪಾಯಿ ಉಳೀತಿತ್ತು.

ಸೊಸೆ: ಅವನಿಗೂ ಯಾರರೇ ಹೇಳಿರಬೇಕಲ್ಲ? ಸುಗ್ಗೀತನಕ ಉದ್ರಿ ಕೊಡೋನೂ ಅವನೇ, ಔಷಧ ಬರದು ಕೊಡೋನೂ ಅವನೇ. ನಮ್ಮ ಸೀಮ್ಯಾಗ ಹೊಲದ ಡಾಕ್ಟರು, ಔಷಧದಂಗಡಿ, ಸಾಲದ ಬ್ಯಾಂಕು, ಮೂರೂ ಒಂದೇ ಕಟ್ಟೀ ಮ್ಯಾಗ ಕುಂತಾವ. … ಹತ್ತು ಗಿಡ ಮುಗದ್ವು. ಎರಡಕ್ಕ ಹೊಸಾ ಗಾಯ. ಮುಂದ ನಡಿ.

(ಎರಡನೆಯ ಜಾಗ. ಎಲೆಯ ಬೆನ್ನಿನಲ್ಲಿ ಅವಳಿಗೆ ಏನೋ ಕಾಣಿಸುತ್ತದೆ. ಬೂದು ಬಣ್ಣದ, ಹತ್ತಿಯ ತುಣುಕು ಅಂಟಿಸಿದಂಥ ಕಲೆ.)

ಸೊಸೆ: ಮಾವಾ, ಇದಕ್ಕ ಎಷ್ಟು ರೊಕ್ಕದ ಎಣ್ಣಿ ಬೇಕು ಹೇಳು?

ಮಾವ: ಅದೇನು, ಬೂಸರು ಹಿಡದೈತೇನು?

ಸೊಸೆ: ತತ್ತಿ. ತಾಯಿ ತತ್ತಿ ಇಟ್ಟು ತನ್ನ ಮೈಯಾಗಿನ ನವಿರು ಉದುರಿಸಿ ಮ್ಯಾಲೆ ಹೊಚ್ಚಿ ಹೋಗೈತಿ. ಇದೊಂದು ಗುಂಪಿನಾಗ ನೂರು ಇನ್ನೂರು ಇರತಾವ, ಎರಡು ಮೂರು ದಿನಕ್ಕ ಒಡೀತಾವ. ಒಂದು ಹೆಣ್ಣು ತನ್ನ ಆಯುಷ್ಯದಾಗ ಸಾವಿರದ ಮ್ಯಾಗ ಇಡತೈತಿ. ಈಗ ನೋಡು.

(ಎಲೆಯನ್ನು ಎರಡು ಬೆರಳಿನ ನಡುವೆ ಹಿಡಿದು ಒರೆಸುತ್ತಾಳೆ.)

ಮುಗೀತು. ಒಂದು ಪೈಸೆ ಖರ್ಚಿಲ್ಲ. ಅಂಗಡ್ಯಾಂವ ತತ್ತಿಗೆ ಅಂತ ಕೊಟ್ಟದ್ದು ಚೀಲದಾಗೇ ಇರಲಿ.

ಮಾವ: ಇಷ್ಟು ಹುಳ ಹುಟ್ಟಿದ್ರ ಒಂದು ಸುಳ್ಯಾಗ ಒಂದೇ ಯಾಕ ಸಿಗತೈತಿ?

ಸೊಸೆ: ಒಂದನ್ನೊಂದು ತಿಂತಾವ. ದೊಡ್ಡದಾದ್ವು ಅಂದ್ರ ಒಂದು ಸುಳ್ಯಾಗ ಇಬ್ಬರಿಗೆ ಜಾಗ ಇಲ್ಲ. ಉಳದವು ಹುಟ್ಟಿದ ಎರಡು ದಿನದಾಗ ದಾರ ಬಿಟ್ಟು, ಗಾಳ್ಯಾಗ ಜೋತಾಡಿ ಪಕ್ಕದ ಗಿಡಕ್ಕ ಹೋಗಿರತಾವ. ಅದಕ್ಕ ಹೇಳೂದು, ಹೊಡದ್ರ ಸಣ್ಣ ಹುಳ ಇರೂ ಮುಂದ ಹೊಡಿಬೇಕು. ಹುಳ ಆರು ಹಂತದಾಗ ಬೆಳೀತೈತಿ. ಎರಡು ಮೂರನೇ ಹಂತದಾಗ ಇದ್ದಾಗ ಎಣ್ಣಿಗೆ ಸುಲಭ ಸಿಗತೈತಿ. ಐದು ಆರಕ್ಕ ಹೋತಂದ್ರ ಸುಳ್ಯಾಗ ತನ್ನ ಹಿಕ್ಕಿಯಿಂದಲೇ ಬೆಣಿ ಜಡಕೊಂಡು ಕುಂತಿರತೈತಿ. ನೀ ಮ್ಯಾಲಿಂದ ಎಷ್ಟು ಹೊಡದ್ರೂ ಅದಕ್ಕ ಛತ್ರಿ ಹಿಡದಂಗ.

ಮಾವ: ಅಂದ್ರ ಔಷಧ ಖಡಕ್ ಇದ್ರಷ್ಟೇ ಸಾಲಂಗಿಲ್ಲ ಅನ್ನು.

ಸೊಸೆ: ಖಡಕ್ ಇದ್ರಷ್ಟೇ ಸಾಲಂಗಿಲ್ಲ. ಹೊತ್ತಿಗೆ ಬೀಳಬೇಕು, ಸುಳಿಗೇ ಬೀಳಬೇಕು. ನಿನ್ನ ಪಂಪಿನ ಮೂತಿ ನೋಡಿದೆ ನಾ. ಮಂಜು ಬೀಳಿಸಿಕೋತ ಸಾಲಿನ ಮ್ಯಾಗ ಬೀಸಿಕೋತ ಹೋಗ್ತೀ. ಅರ್ಧ ಎಣ್ಣಿ ನೆಲಕ್ಕ, ಕಾಲುಭಾಗ ಆಷಾಢದ ಗಾಳಿಗೆ, ಉಳದದ್ದು ಹುಳಕ್ಕ. ಒಂದೊಂದು ಸುಳಿಗೂ ಮೂತಿ ಹಿಡದು, ಒಳಗ ಇಳಿಯೂ ಹಂಗ ಬಿಡಬೇಕು. ಸಂಜೀ ಮುಂದ. ಹುಳ ತಿನ್ನಾಕ ಮ್ಯಾಲೆ ಬರೂದೂ ಆವಾಗೇ. ಎಮಾಮೆಕ್ಟಿನ್‌ಗಂತೂ ಬಿಸಲು ಆಗಿಬರಂಗಿಲ್ಲ. ಎಲಿ ಒಳಗ ಇಂಗಿದ್ದು ಉಳೀತೈತಿ, ಮ್ಯಾಲೆ ಉಳದದ್ದು ಬಿಸಲಿಗೆ ಬಲ ಕಳಕೊಳ್ತೈತಿ. ನೀ ಏಳು ಗಂಟೇಕ ಪಂಪು ಹೊತ್ತೀ!

ಮಾವ: ಸಂಜೀಕ ಕೂಲ್ಯಾರು ಬರಂಗಿಲ್ಲವ್ವ. ನಿಮ್ಮ ಯುನಿವರ್ಸಿಟಿ ಪ್ಲಾಟು ಗೇಣಷ್ಟು, ನಂದು ನಾಕು ಎಕರೆ. ಮೂರು ಎಣ್ಣಿ ಯಾಕ ಕೂಡಿಸ್ತೀನಿ ಗೊತ್ತೇನು? ಮೂರು ಕೂಲಿ ಒಂದರಾಗ ಮುಗೀತೈತಿ.

ಸೊಸೆ: ಕೂಲಿ ಲೆಕ್ಕ ಸುಳ್ಳಲ್ಲ. ಆದ್ರ ಬ್ಯಾಡದ ಎರಡು ಎಣ್ಣಿ ಒಂದೇ ಕೂಲ್ಯಾಗ ಹೊಡದ್ರೂ ಅವು ಬ್ಯಾಡದ್ದವೇ. ಅವುಗಳ ರೊಕ್ಕದಾಗ ಸಂಜೀ ಕೂಲಿ ಬರತೈತಿ ನೋಡು. ಇನ್ನೊಂದು: ಅಳತಿ ಹ್ಯಾಂಗ ಮಾಡ್ತೀ?

ಮಾವ: ಮುಚ್ಚಳಕ್ಕ. ಒಂದು ಪಂಪಿಗೆ ಒಂದು ಮುಚ್ಚಳ. ಹುಳ ಜಾಸ್ತಿ ಕಂಡ್ರ ಒಂದೂವರಿ.

ಸೊಸೆ: ಯಾವ ಬಾಟ್ಲಿ ಮುಚ್ಚಳ? ಒಂದೊಂದರದ್ದು ಒಂದೊಂದು ಅಳತಿ. ಎಮಾಮೆಕ್ಟಿನ್ 5 ಎಸ್‌ಜಿ ಒಂದು ಲೀಟರ್ ನೀರಿಗೆ 0.4 ಗ್ರಾಂ. ಹದಿನೈದು ಲೀಟರಿನ ಪಂಪಿಗೆ 6 ಗ್ರಾಂ, ಎಕರೆಗೆ 200 ಲೀಟರ್ ನೀರು ಹಿಡದ್ರ 80 ಗ್ರಾಂ. ಕ್ಲೋರಾಂಟ್ರಾನಿಲಿಪ್ರೋಲ್ 18.5 ಎಸ್‌ಸಿ ಲೀಟರಿಗೆ 0.4 ಮಿಲಿ, ಪಂಪಿಗೆ 6 ಮಿಲಿ. ಸ್ಪೈನೆಟೋರಂ 11.7 ಎಸ್‌ಸಿ ಲೀಟರಿಗೆ ಅರ್ಧ ಮಿಲಿ, ಪಂಪಿಗೆ ಏಳೂವರಿ. ಕೂಸಿಗೆ ಜ್ವರದ ಔಷಧ ಕೊಡೂ ಸಣ್ಣ ಅಳತಿ ಬಟ್ಟಲ ಒಂದು ಹೊಲಕ್ಕಂತ ಬ್ಯಾರೆ ಇಟ್ಟುಕೋ. ಹೊಳ್ಳಿ ಮನಿಯೊಳಗ ಒಯ್ಯಬ್ಯಾಡ, ಅಷ್ಟೇ.

ಮಾವ: ಆರು ಮಿಲಿ! ಹನಿಯಷ್ಟು. ಮೊದಲೆಲ್ಲ ಲೋಟದಿಂದ ಹಾಕತಿದ್ವಿ.

ಸೊಸೆ: ಹನಿಯಷ್ಟಾದ್ರೂ ಸಾಕಾಗ್ತೈತಿ, ಅದಕ್ಕೇ ಇವು ಹೊಸವು. ಇವುಗಳ ಹುಟ್ಟು ಕೇಳಿದ್ರ ನಿನಗ ನಗಿ ಬರತೈತಿ. ಎಮಾಮೆಕ್ಟಿನ್ ಮೂಲ ಜಪಾನಿನ ಮಣ್ಣಾಗಿನ ಒಂದು ಸೂಕ್ಷ್ಮಜೀವಿ. ಸತೋಷಿ ಓಮುರಾ ಅನ್ನೂ ವಿಜ್ಞಾನಿ ಗಾಲ್ಫ್ ಮೈದಾನದ ಹತ್ರ ಮಣ್ಣು ತಂದು ಅದನ್ನ ಹಿಡದ್ರು. ಆ ಮನೆತನದ ಔಷಧಕ್ಕ ಮನುಷ್ಯರ ರೋಗ ವಾಸಿ ಆಗ್ತಾವ ಅಂತ 2015ರಾಗ ನೊಬೆಲ್ ಬಂತು. ಸ್ಪೈನೆಟೋರಂ ಮೂಲಾನೂ ಮಣ್ಣಿನ ಜೀವಿಯೇ. ಕೆರಿಬಿಯನ್ ದ್ವೀಪದಾಗ ಪಾಳು ಬಿದ್ದ ರಮ್ ಭಟ್ಟಿ ಹತ್ರ ಸಿಕ್ಕದ್ದು.

ಮಾವ: ಭಟ್ಟಿ ಮಣ್ಣಿನ್ಯಾಗ ಹುಟ್ಟಿದ್ದಕ್ಕೇ ಹುಳ ತೂರಾಡಿ ಬೀಳ್ತಾವ ಅನ್ನು!

ಸೊಸೆ: (ನಗುತ್ತ) ಮಣ್ಣಿಂದ ಬಂತಂತ ಪನ್ನೀರು ಅಂತ ತಿಳಕೋಬ್ಯಾಡ. ಜೇನಿಗೆ ಸ್ಪೈನೆಟೋರಂ, ಎಮಾಮೆಕ್ಟಿನ್ ಎರಡೂ ವಿಷ. ಮೂಗಿಗೆ ಟವೆಲ್ ಇಲ್ಲದ, ಬರಿಗಾಲಿಲೆ, ಗಾಳಿಗೆ ಎದುರು ಹೊಡೀತೀಯಲ್ಲ, ಅದೂ ನಿಲ್ಲಬೇಕು. 2017ರಾಗ ಮಹಾರಾಷ್ಟ್ರದ ಯವತಮಾಳದಾಗ ಹತ್ತಿಗೆ ಎಣ್ಣಿ ಹೊಡಿಯೋರೇ ಇಪ್ಪತ್ತಕ್ಕೂ ಹೆಚ್ಚು ಮಂದಿ ಸತ್ರು. ಎದಿಯುದ್ದ ಬೆಳಿಯೊಳಗ ನಿಂತು ಹೊಡದ್ರ ವಿಷ ಮೊದಲು ಇಳಿಯೂದು ನಮ್ಮ ಎದಿಗೇ.

(ಮೂರನೆಯ ಜಾಗ ಮುಗಿದು ನಾಲ್ಕನೆಯದಕ್ಕೆ ಬರುತ್ತಾರೆ. ಇಲ್ಲಿಯವರೆಗೆ ಮೂವತ್ತರಲ್ಲಿ ಎರಡು.)

ಮಾವ: ಹೋದ ವರ್ಷ ಐದು ಸರ್ತಿ ಅಂದೆನಲ್ಲ, ಒಂದೇ ಎಣ್ಣಿ ಹೊಡದಿಲ್ಲ ನಾ. ಐದಕ್ಕ ಐದೂ ಬದ್ಲಿ ಮಾಡೀನಿ. ಅಷ್ಟು ತಿಳಿವಳಿಕಿ ನನಗೂ ಐತಿ.

ಸೊಸೆ: ಡಬ್ಬಿ ಒಗದೀಯೋ, ಇಟ್ಟೀಯೋ?

ಮಾವ: ಅಲ್ಲೇ ಪಂಪ್‌ಸೆಟ್ ಮನ್ಯಾಗ ಬಿದ್ದಾವ. ನಿನ್ನೆ ನೀ ನೋಡಿದೆಲ್ಲ.

ಸೊಸೆ: ನೋಡೀನಿ, ಅದಕ್ಕೇ ಕೇಳಿದೆ. ಮ್ಯಾಲೆ ದೊಡ್ಡಕ್ಷರದಾಗ ಐದು ಹೆಸರು. ಕೆಳಗ ಸಣ್ಣಕ್ಷರದಾಗ ಓದಿದ್ರ ಮೂರರಾಗ ಒಂದೇ ಔಷಧ. ಕಂಪನಿ ಬ್ಯಾರೆ, ಹೆಸರು ಬ್ಯಾರೆ, ಒಳಗಿಂದು ಎಮಾಮೆಕ್ಟಿನ್ನೇ. ನಾಕನೇದು ಕ್ಲೋರಾಂಟ್ರಾನಿಲಿಪ್ರೋಲ್, ಐದನೇದು ಫ್ಲುಬೆಂಡಿಯಮೈಡ್. ಇವೆರಡು ಹೆಸರು ಬ್ಯಾರೆ ಆದ್ರೂ ಒಂದೇ ಮನೆತನದವು. ಹುಳದ ಮೈಯಾಗ ಎರಡೂ ಒಂದೇ ಬಾಗಲಾ ಬಡೀತಾವ.

ಮಾವ: ಮನೆತನ ಅಂದ್ರ?

ಸೊಸೆ: ನಾವು ಸಂಬಂಧ ನೋಡೂ ಮುಂದ ಮೊದಲು ಏನು ಕೇಳ್ತೀವಿ? ಹೆಸರು ಕೇಳ್ತೀವೇನು?

ಮಾವ: ಬೆಡಗು ಕೇಳ್ತೀವಿ. ಒಂದೇ ಬೆಡಗಾದ್ರ ಊರು ಬ್ಯಾರೆ ಇರಲಿ, ಅಡ್ಡಹೆಸರು ಬ್ಯಾರೆ ಇರಲಿ, ಅಣ್ಣ ತಂಗಿ ಲೆಕ್ಕ. ಸಂಬಂಧ ಆಗಂಗಿಲ್ಲ.

ಸೊಸೆ: ಎಣ್ಣಿಗೂ ಬೆಡಗು ಐತಿ ಮಾವಾ. ಎಮಾಮೆಕ್ಟಿನ್‌ದು ಒಂದು, ಸ್ಪೈನೆಟೋರಂದು ಒಂದು, ಕ್ಲೋರಾಂಟ್ರಾನಿಲಿಪ್ರೋಲ್, ಫ್ಲುಬೆಂಡಿಯಮೈಡ್, ಸಯಾಂಟ್ರಾನಿಲಿಪ್ರೋಲ್ ಈ ಮೂರೂ ಕೂಡಿ ಒಂದು. ನಿನ್ನ ಬಿತ್ತನಿ ಬೀಜ ಕೆಂಪಗ ಇದ್ವಲ್ಲ, ಚೀಲದ ಚೀಟಿ ಓದಿದೆ. ಸಯಾಂಟ್ರಾನಿಲಿಪ್ರೋಲ್, ಥಯಾಮೆಥಾಕ್ಸಾಂ ಕೂಡಿಸಿ ಹಚ್ಚ್ಯಾರ. ಒಳ್ಳೇದೇ ಆತು, ಎರಡು ಮೂರು ವಾರ ಸಸಿ ಕಾದೈತಿ. ಈಗ ಅದರ ಬಲ ಇಳದೈತಿ, ಅದಕ್ಕೇ ಈ ವಾರ ಗಾಯ ಕಾಣಾಕತ್ತಾವ. ಆದ್ರ ಬೀಜಕ್ಕ ಆ ಬೆಡಗಿಂದು ಹಚ್ಚಿ, ಮೊದಲ್ನೇ ಹೊಡತಕ್ಕೂ ಅದೇ ಬೆಡಗಿನ ಕ್ಲೋರಾಂಟ್ರಾನಿಲಿಪ್ರೋಲ್ ಹೊಡದ್ರ? ಅದನ್ನ ತಡಕೊಂಡ ಹುಳಕ್ಕ ಮತ್ತ ಅದನ್ನೇ ಉಣಿಸಿದಂಗಾತು.

ಮಾವ: ತಡಕೊಂಡದ್ದು ಉಳೀತೈತಿ, ಉಳದದ್ದು ತತ್ತಿ ಇಡತೈತಿ.

ಸೊಸೆ: ಅಷ್ಟೇ. ಲಕ್ಷ ಹುಳದಾಗ ಹುಟ್ಟಾ ಗಟ್ಟಿ ಇರೂದು ಒಂದೋ ಎರಡೋ. ಉಳದದ್ದನ್ನೆಲ್ಲಾ ನಾವೇ ಕೊಂದು, ಆ ಒಂದಕ್ಕ ಹೊಲ ಖಾಲಿ ಮಾಡಿಕೊಡ್ತೀವಿ. ನಮ್ಮ ಬಿಸಲಾಗ ಇದರ ಒಂದು ತಲೆಮಾರಿಗೆ ಸುಮಾರು ಒಂದು ತಿಂಗಳು. ಪೋರ್ಟೊರಿಕೊ ಅಂತ ಒಂದು ದ್ವೀಪ ಐತಿ, ಅಲ್ಲಿ ಈ ಹುಳ ಮೊದಲು ಬಿಟಿ ಮೆಕ್ಕೆಜೋಳ ಅರಗಿಸಿಕೊಂತು. ಆಮ್ಯಾಲೆ ಕ್ಲೋರಾಂಟ್ರಾನಿಲಿಪ್ರೋಲ್‌ಗೂ ಸೊಪ್ಪು ಹಾಕಲಿಲ್ಲ. ಅಷ್ಟು ದೂರ ಯಾಕ, ನಮ್ಮ ರಾಯಚೂರು ಹತ್ತ್ಯಾಗ ಗುಲಾಬಿ ಕಾಯಿಕೊರಕ ಬಿಟಿಗೆ ಏನು ಮಾಡ್ತು, ನೀನೇ ಕಂಡೀ.

ಮಾವ: ಕಂಡೀನಿ. ಬಿಟಿ ಬಂದಾಗ ಎಣ್ಣಿ ಖರ್ಚು ಹೋತು ಅಂತ ಪೇಡೆ ಹಂಚಿದ್ವಿ. ಹತ್ತು ವರ್ಷಕ್ಕ ಕಾಯಿ ಒಡದ್ರ ಒಳಗ ಗುಲಾಬಿ ಹುಳ.

(ಸ್ವಲ್ಪ ಹೊತ್ತು ಇಬ್ಬರೂ ಮಾತಾಡದೆ ಗಿಡ ನೋಡುತ್ತಾರೆ. ನಾಲ್ಕನೆಯ ಜಾಗದಲ್ಲಿ ಒಂದು, ಕಿಟಕಿಯಂಥ ಕಲೆ.)

ಮಾವ: ಒಂದು ಮಾತು ಹೇಳ್ತೀನಿ, ತಪ್ಪಿದ್ರ ಹೇಳು. ನಿಮ್ಮಪ್ಪನ ಹೊಲ ತುಂಗಭದ್ರಾ ಎಡದಂಡಿ ಕಾಲುವಿ ಕೊನಿ ಭಾಗ. ಪ್ರತಿ ವರ್ಷ ಅಳ್ತಾನ. ಮ್ಯಾಲಿನವ್ರು ತೂಬು ಒಡದು, ಪೈಪು ಹಾಕಿ ನೀರು ಎಳಕೊಂಡ್ರು. 69ನೇ ಮೈಲಿನಾಗ ಗೇಜು ಇಳೀತು, ಮಾನ್ವಿಗೆ ಬರೂದ್ರಾಗ ಕಾಲುವಿ ಬರೇ ಹಸಿ ಅಂತ. ಮ್ಯಾಲಿನಾಂವ ತನ್ನ ಹೊಲ ಉಳಿಸಿಕೊಂಡ, ಅವಂದೇನು ತಪ್ಪು ಅನಸ್ತೈತಿ. ಆದ್ರ ಕಾಲುವಿ ಅವನೊಬ್ಬಂದಲ್ಲ. ಈ ಎಣ್ಣಿಗೆ ಹುಳ ಸಾಯೂ ಗುಣ ಐತಲ್ಲ, ಅದೂ ಕಾಲುವಿ ನೀರಿದ್ದಂಗೇ ಅಲ್ಲೇನು? ನಾ ಐದು ಸರ್ತಿ ಹೊಡದು ಖಾಲಿ ಮಾಡಿದ್ರ ಕೊನಿ ಭಾಗದಾಂವಗ ಏನು ಉಳೀತೈತಿ?

ಸೊಸೆ: ಮಾವಾ, ಎರಡು ವರ್ಷದಿಂದ ನಾ ಓದಿದ್ದನ್ನ ನೀ ಒಂದೇ ಮಾತಿನ್ಯಾಗ ಹೇಳಿದಿ.

ಮಾವ: ನಾವೂ ನಾರಾಯಣಪುರ ಬಲದಂಡಿ ಕಾಲುವಿ ನೀರು ಕುಡದೀವವ್ವ. ಸರದಿ ಅಂದ್ರ ಏನಂತ ನಮಗ ಯಾರೂ ಕಲಿಸಬೇಕಾಗಿಲ್ಲ.

ಸೊಸೆ: ಹಂಗಾದ್ರ ಎಣ್ಣಿಗೂ ಸರದಿ ಹಚ್ಚು. ಒಂದು ತಲೆಮಾರಿನ ಹುಳಕ್ಕ ಒಂದು ಬೆಡಗು. ಮುಂದಿನ ತಿಂಗಳ ಬಿದ್ರ ಇನ್ನೊಂದು ಬೆಡಗು. ಬೆಳಿ ಪೂರ್ತಿ ಸೇರಿ ರಾಸಾಯನಿಕ ಎರಡು ಸರ್ತಿ ದಾಟಬಾರದು. ತುರಾಯಿ ಬಂದಮ್ಯಾಲೆ ಹೊಡಿಯಲೇಬ್ಯಾಡ, ಆವಾಗ ಖರ್ಚು ಹೋಗ್ತೈತಿ, ಇಳುವರಿ ಹೆಚ್ಚಾಗಂಗಿಲ್ಲ. ಆ ಹೊತ್ತಿಗೆ ಕಂಡ ದೊಡ್ಡ ಹುಳ ಕೈಲೆ ಆರಿಸಿ ತೆಗಿಯೂದೇ ಪಾಡ.

ಮಾವ: ನಡುವ ಸುಳ್ಯಾಗ ದೊಡ್ಡ ಹುಳ ಕುಂತ್ರ?

ಸೊಸೆ: ಪಾಷಾಣ. ಎಕರೆಗೆ 10 ಕೆಜಿ ಅಕ್ಕಿ ತೌಡು, 2 ಕೆಜಿ ಬೆಲ್ಲ, ಎರಡು ಮೂರು ಲೀಟರ್ ನೀರಾಗ ಕಲಸಿ ಒಂದು ದಿನ ಹುಳಿಸಿ ಇಡು. ಹಾಕೂ ಅರ್ಧ ತಾಸು ಮುಂಚೆ 100 ಗ್ರಾಂ ಥಯೋಡಿಕಾರ್ಬ್ ಕೂಡಿಸಿ, ಕೈಗವಸು ಹಾಕಿಕೊಂಡು ಸುಳಿಗೆ ಚಿಟಿಕಿ ಚಿಟಿಕಿ ಹಾಕು. ಬೆಲ್ಲದ ವಾಸನಿಗೆ ಹುಳ ತಾನೇ ಮ್ಯಾಲೆ ಬರತೈತಿ. ಆದ್ರ ಆ ಹೊಲಕ್ಕ ದನ, ಕೋಳಿ ಬಿಡಬ್ಯಾಡ. ರವದಿ ದನಕ್ಕ ಹಾಕೂ ಮುಂದಾನೂ ಡಬ್ಬಿ ಮ್ಯಾಲೆ ಎಷ್ಟು ದಿನ ಬಿಡಬೇಕಂತ ಬರದಿರತೈತಿ, ಅದು ನಮಗಷ್ಟೇ ಅಲ್ಲ, ಎತ್ತಿಗೂ.

ಮಾವ: ಎಣ್ಣಿ ಇಲ್ಲದ ದಾರಿ ಏನೂ ಇಲ್ಲೇನು?

ಸೊಸೆ: ಐತಿ, ಆದ್ರ ಅವು ಬಿತ್ತೂ ಮುಂದೇ ಶುರು ಆಗಬೇಕು. ಸುತ್ತಿನವರೆಲ್ಲಾ ಕೂಡಿ ಒಂದೇ ವಾರದಾಗ ಬಿತ್ತಬೇಕು, ತಿಂಗಳಗಟ್ಟಲೆ ಹಿಂದ ಮುಂದ ಬಿತ್ತಿದ್ರ ಹುಳಕ್ಕ ಎಳೇ ಸುಳಿ ಮುಗಿಯೂದೇ ಇಲ್ಲ. ನಡುವ ತೊಗರಿ ಅಕ್ಕಡಿ ಹಾಕಬೇಕು. ಎಕರೆಗೆ ನಾಕೈದು ಮೋಹಕ ಬಲಿ ಕಟ್ಟಿದ್ರ ಗಂಡು ಪತಂಗ ಬಿದ್ದದ್ದು ನೋಡಿ, ವಾರ ಮುಂಚೆ ಸುದ್ದಿ ಗೊತ್ತಾಗ್ತೈತಿ. ಹಕ್ಕಿ ಕುಂಡ್ರಾಕ ಕವಲಗಟಗಿ ನೆಡು. ತತ್ತ್ಯಾಗೇ ತತ್ತಿ ಇಡೂ ಸಾಸಿವಿ ಕಾಳಿನಷ್ಟಕ್ಕಿಂತ ಸಣ್ಣ ಕಣಜ ಅದಾವ. ನೀ ಮೂರು ಎಣ್ಣಿ ಕೂಡಿಸಿ ಹೊಡದ್ರ ಮೊದಲು ಸಾಯೋರು ಅವೇ. ಮಳಿ ಹಿಡದು ತಂಪು ಇದ್ದಾಗ ನೊಮುರಿಯಾ ಅನ್ನೂ ಬೂಸರು ಹುಳಕ್ಕ ಹತ್ತತೈತಿ. ಹುಳ ಬೆಳ್ಳಗ ಸೆಟದು, ಆಮ್ಯಾಲೆ ಹಸರಾಗಿ ಎಲಿಗೇ ಅಂಟಿ ಸತ್ತಿರತೈತಿ. ಅಂಥದ್ದು ಕಂಡ್ರ ಕಿತ್ತೊಗಿಬ್ಯಾಡ, ಅದು ಪುಕ್ಕಟೆ ಔಷಧ. ಬರೇ ಬಿಸಲಿದ್ರ ಅದರ ಆಟ ನಡಿಯಂಗಿಲ್ಲ.

(ಐದನೆಯ ಜಾಗ. ಹತ್ತು ಗಿಡ. ಒಂದರಲ್ಲಿ ಹೊಸ ಗಾಯ. ಅವಳು ಅಂಗೈಯ ಮೇಲೆ ಪೆನ್ನಿನಲ್ಲಿ ಗೀಚಿದ ಗೆರೆಗಳನ್ನು ಎಣಿಸುತ್ತಾಳೆ.)

ಸೊಸೆ: ಐವತ್ತಕ್ಕ ನಾಕು. ನೂರಕ್ಕ ಎಂಟು. ಒಂದು ದೊಡ್ಡ ಹುಳ, ಉಳದವೆಲ್ಲಾ ಎಳೇವು.

ಮಾವ: ನನಗ ಹೊಲ ಪೂರ್ತಿ ಹೋತು ಅನಿಸಿತ್ತಲ್ಲ!

ಸೊಸೆ: ಎಲಿ ಹರದದ್ದು ಕಣ್ಣಿಗೆ ಬಡೀತೈತಿ. ಎಲಿ ಹರದಷ್ಟು ತೆನಿ ಹರಿಯಂಗಿಲ್ಲ, ಸುಳಿ ಉಳದ್ರ ಈ ವಯಸ್ಸಿನ ಗಿಡ ಸುಧಾರಿಸಿಕೊಳ್ತೈತಿ. ನೂರಕ್ಕ ಹತ್ತು ದಾಟಿದ್ರ ನಾನೇ ನಿನ್ನ ಕೈಗೆ ಎಮಾಮೆಕ್ಟಿನ್ ಕೊಟ್ಟು, ಇವತ್ತು ಸಂಜೀಕೇ ಹೊಡಿ ಅಂತಿದ್ದೆ. ಐದು ದಾಟೈತಿ, ಹತ್ತು ಮುಟ್ಟಿಲ್ಲ. ಈಗ ಬೇವಿನೆಣ್ಣಿ ಸಾಕು. ಅಜಾಡಿರಾಕ್ಟಿನ್ 1500 ಪಿಪಿಎಂ, ಲೀಟರಿಗೆ 5 ಮಿಲಿ. ನಾಕು ದಿನ ಬಿಟ್ಟು ನೀನೇ ಐವತ್ತು ಗಿಡ ಎಣಸಿ ಫೋನ್ ಮಾಡು.

ಮಾವ: ಬೇವಿಗೆ ರೊಕ್ಕ ಯಾಕ? ನಿಂತದ್ದೇ ಬೇವಿನ ಬುಡಕ್ಕ. ಹಣ್ಣು ಕಾಲಾಗ ಬಿದ್ದಾವ ನೋಡು.

ಸೊಸೆ: ಈ ಹಣ್ಣು ಈ ಬೆಳಿಗಲ್ಲ. ಸಿಪ್ಪಿ ಸುಲದು, ನೆರಳಾಗ ಒಣಗಿಸಿ ಇಡು, ಹಿಂಗಾರಿ ಬಿಳಿಜೋಳಕ್ಕ ಬರತಾವ. ಈ ಹುಳ ಜೋಳಾನೂ ಬಿಡಂಗಿಲ್ಲ ಮಾವಾ, ನಮ್ಮ ರೊಟ್ಟಿಗೂ ಪಾಲುದಾರ. ಆವಾಗ ಐದು ಕೆಜಿ ಬೀಜ ಕುಟ್ಟಿ ರಾತ್ರಿ ನೆನಸಿ, ಸೋಸಿ, ನೂರು ಲೀಟರ್ ಮಾಡಿಕೋ.

(ಮಾವ ಪಂಪಿನ ಪಟ್ಟಿ ಸಡಿಲಿಸಿ ಅದನ್ನು ಮರಕ್ಕೆ ಒರಗಿಸುತ್ತಾನೆ. ಚೀಲದೊಳಗಿನ ಮೂರು ಡಬ್ಬಿಗಳನ್ನು ಒಂದೊಂದಾಗಿ ಕಣ್ಣಿನ ಹತ್ತಿರ ಹಿಡಿದು ಸಣ್ಣಕ್ಷರ ಓದಲು ನೋಡಿ, ಸಾಗದೆ ಅವಳಿಂದ ಓದಿಸುತ್ತಾನೆ. ಆಮೇಲೆ ಬನಿಯನ್ನಿನ ಕಿಸೆಯಿಂದ ಫೋನು ತೆಗೆದು, ಬಾಜೂ ಹೊಲದವನಿಗೆ ಹಚ್ಚುತ್ತಾನೆ. ಸ್ಪೀಕರ್ ಹಾಕಿದ್ದಾನೆ.)

ಮಾವ: ಏ ತಮ್ಮಾ, ಹೋದ ವಾರ ಮೆಕ್ಕೆಜೋಳಕ್ಕ ಎಣ್ಣಿ ಹೊಡದೆಲ್ಲ, ಯಾವುದು ಹೊಡದಿ?

ಫೋನಿನ ದನಿ: ಹಸರು ಡಬ್ಬಿ, ಅಣ್ಣಾ. ಯಾಕ, ನಿನಗೂ ಬೇಕೇನು?

ಮಾವ: ಬಣ್ಣ ಯಾರು ಕೇಳ್ಯಾರೋ? ಅದರ ಬೆಡಗು ಯಾವುದು?

ಫೋನಿನ ದನಿ: … ಅಣ್ಣಾ, ಮನ್ಯಾಗ ಯಾರಿಗರೇ ಸಂಬಂಧ ನೋಡಾಕತ್ತೀಯೇನು?

ಮಾವ: ನೋಡಾಕತ್ತೀನಿ. ನಿನ್ನ ಹೊಲಕ್ಕೂ ನನ್ನ ಹೊಲಕ್ಕೂ. ಡಬ್ಬಿ ತಗೊಂಡು ಬೇವಿನ ಮರದ ಹತ್ರ ಬಾ, ಸಣ್ಣಕ್ಷರ ಓದಾಕ ನಮ್ಮ ಸೊಸಿ ಬಂದಾಳ. ಬರೂ ಮುಂದ ನಿನ್ನ ಹೊಲದಾಗ ಐವತ್ತು ಗಿಡ ಎಣಸಿಕೊಂಡು ಬಾ. ದಂಡಿ ಸಾಲು ಬಿಟ್ಟು.